ಎಲ್ರೂ ಒಂದೇ ವಾರ ಕರೆದ್ರೆ ಕೊನೆಗಾರ ಎಲ್ಲಿಂದ ಬರ್ಬೇಕು?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೇಲಿ ದಿನಾ ಅಡಿಕೆ ಧಾರಣೆ ಬರುತ್ತೆ, ರಾಶಿ ಎಷ್ಟು ಬೆಟ್ಟೆ ಎಷ್ಟು ಗೊರಬಲು ಎಷ್ಟು ಸರಕು ಎಷ್ಟು ಅಂತ ಒಂದೊಂದು ದರ್ಜೆ ಅಡಿಕೆಗೂ, ನಮ್ಮ ಕಡೆ ಮನೆಗಳಲ್ಲಿ ಪೇಪರ್ ಬಂದ ಕೂಡ್ಲೇ ಮೊದ್ಲು ಬಿಚ್ಚೋದೇ ಆ ಪುಟ. ಆದ್ರೆ ಆ ರಾಶಿ ಮಂಡಿಗೆ ಹೋಗೋ ಹಾಗಾಗ್ಬೇಕು ಅಂದ್ರೆ ಮರ ಹತ್ತಿ ಕೊನೆ (ಅಡಿಕೆ ಗೊನೆ) ಕೊಯ್ಯೋಕೆ, ಔಷಧಿ ಹೊಡೆಯೋಕೆ ಒಬ್ಬ ಕೊನೆಗಾರ ಬೇಕು, ಕೆಳಗೆ ಕೊನೆ ಹಿಡಿಯೋಕೆ ಒಬ್ಬ ಬೇಕು, ಸುಲಿಯೋಕೆ, ಬೇಯಿಸೋಕೆ, ಅಂಗಳದಲ್ಲಿ ಹರವೋಕೆ ಜನ ಬೇಕು. ಅವ್ರು ಯಾವ ವಾರ ಬೇಕು, ಎಷ್ಟು ಜನ ಬೇಕು, ಆ ವಾರ ಅವ್ರು ಸಿಗ್ತಾರಾ ಇಲ್ವಾ ಅನ್ನೋ ಲೆಕ್ಕ ಮಾತ್ರ ಎಲ್ಲೂ ಬರಲ್ಲ. ನಾವು ಬೆಳೆಗಾರರೂ ಬರ್ಕೊಳ್ಳಲ್ಲ. ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕತ್ತರಿಸದೆ ಹಾಕಿ.

ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ, ಶಿರಸಿ, ಸಿದ್ದಾಪುರ, ಎಲ್ಲಿಗೆ ಹೋದ್ರೂ ಮದುವೆ ಮನೇಲಿ ಕೂತು ಕೇಳೋ ಮಾತು ಒಂದೇ, "ಆಳೇ ಸಿಗಲ್ಲ ಮಾರಾಯ". ಜನ ಕಮ್ಮಿ ಆಗಿರೋದು ನಿಜ, ಕೊನೆಗಾರರ ಮಕ್ಕಳು ಮರ ಹತ್ತೋಕೆ ಬರ್ತಿಲ್ಲ, ಬರ್ಬೇಕು ಅಂತ ನಾವು ಹೇಳೋ ಹಾಗೂ ಇಲ್ಲ, ನಮ್ಮ ಮಕ್ಕಳೇ ಬೆಂಗ್ಳೂರಲ್ಲಿ ಇದ್ದಾರೆ. ಆದ್ರೆ ನಾನು ನೋಡ್ದಂಗೆ ಅರ್ಧ ತೊಂದ್ರೆ ಬರೋದು ಇರೋ ಆಳನ್ನ ಊರಿಗೆ ಊರೇ ಒಂದೇ ವಾರದಲ್ಲಿ ಕರೆಯೋದ್ರಿಂದ. ಮೃಗಶಿರ ಮಳೆ ಹನಿಯೋವರೆಗೆ ಯಾರಿಗೂ ಕೊಳೆರೋಗದ (ಮಳೆಗಾಲದಲ್ಲಿ ಕಾಯಿ ಉದುರಿಸೋ ರೋಗ) ಔಷಧಿ ನೆನಪಿಲ್ಲ, ಎರಡು ದಿನ ಜೋರಾಗಿ ಹೊಡೆದ್ರೆ ಸಾಕು ರಾತ್ರಿ ಹತ್ತು ಗಂಟೆಗೆ ಕೊನೆಗಾರನ ಮನೆಗೆ ಫೋನು, ಅವನು ಫೋನ್ ಸ್ವಿಚಾಫ್ ಮಾಡಿಟ್ಟು ಮಲಗ್ತಾನೆ, ಬೆಳಿಗ್ಗೆ ಬೈಕ್ ತಗೊಂಡು ಅವನ ಅಂಗಳಕ್ಕೇ ಹೋಗೋದು, ಅಲ್ಲಿ ಆಗ್ಲೇ ಮೂರು ಬೈಕ್ ನಿಂತಿರ್ತವೆ.

ಈಗ ಲೆಕ್ಕ ಹಾಕೋಣ, ಯಾಕಂದ್ರೆ ಬಾಯಲ್ಲಿ ಹೇಳಿದ್ರೆ ಯಾರೂ ನಂಬಲ್ಲ. 2.7 ಮೀಟರಿಗೆ (ಒಂಬತ್ತು ಅಡಿಗೆ ಸ್ವಲ್ಪ ಕಮ್ಮಿ) ಒಂದು ಗಿಡ ಅಂತ ನೆಟ್ರೆ ಎಕರೆಗೆ ಹತ್ರಹತ್ರ 555 ಮರ ಬರುತ್ತೆ. ಒಂದು ಸಣ್ಣ ಊರಲ್ಲಿ ಎಲ್ಲರದ್ದೂ ಸೇರಿ 60 ಎಕರೆ ತೋಟ ಇದೆ ಅಂತ ಇಟ್ಕೊಳ್ಳಿ, 33,300 ಮರ ಆಯ್ತು. ಲೆಕ್ಕಕ್ಕೆ ಅಂತ ಒಬ್ಬ ಕೊನೆಗಾರ ದಿನಕ್ಕೆ 200 ಮರಕ್ಕೆ ಔಷಧಿ ಹೊಡೀತಾನೆ ಅಂತ ತಗೊಳ್ಳಿ (ನಿಮ್ಮ ತೋಟದ ಮರದ ಎತ್ತರ, ಅವನ ಕೈ ನೋಡ್ಕೊಂಡು ಹೆಚ್ಚುಕಮ್ಮಿ ಮಾಡ್ಕೊಳ್ಳಿ), ಒಟ್ಟು ಹತ್ರಹತ್ರ 167 ಆಳಿನ ಕೆಲಸ ಆಯ್ತು. ಊರಿಗೆ ನಾಲ್ಕು ಜನ ಕೊನೆಗಾರರು ಇದ್ರೆ ಒಂದು ಸುತ್ತು ಮುಗಿಸೋಕೆ 42 ದಿನ ಬೇಕು, ಅದೂ ಒಂದು ದಿನಾನೂ ಮಳೆ ಬರದೆ, ಒಬ್ಬರಿಗೂ ಜ್ವರ ಬರದೆ ಇದ್ರೆ. ಈ ಔಷಧಿ ಅಂದ್ರೆ ಬೋರ್ಡೋ ದ್ರಾವಣ, ಅದನ್ನ ಹೊಡೆದ ಮೇಲೆ ಅದರ ಕಾವಲು ಇರೋದು 40ರಿಂದ 45 ದಿನ, ಆಮೇಲೆ ಎರಡನೇ ಸಲ ಹೊಡೀಲೇಬೇಕು. ಅಂದ್ರೆ ಕೊನೇ ತೋಟದ ಮೊದಲನೇ ಔಷಧಿ ಮುಗಿಯೋದ್ರೊಳಗೆ ಮೊದಲನೇ ತೋಟದ ಎರಡನೇ ಔಷಧಿ ಟೈಮ್ ಬಂದಿರುತ್ತೆ. ಮಧ್ಯದಲ್ಲಿ ಒಂದು ದಿನವೂ ಬಿಡುವಿಲ್ಲ. ಮಳೆಗೆ ತಪ್ಪಿದ ಪ್ರತಿ ದಿನ ಊರಿನ ಮೇಲೆ ಸಾಲ ಆಗಿ ಕೂರುತ್ತೆ, ಆ ಸಾಲ ತೀರ್ಸೋರು ಯಾರು ಅಂದ್ರೆ ಸುತ್ತಿನ ಕೊನೇಲಿ ಇರೋ ತೋಟದೋರು, ಅವರ ತೋಟದಲ್ಲಿ ಪುಷ್ಯ ಮಳೆಗೆ ಕಾಯಿ ಉದುರೋಕೆ ಶುರು ಆಗುತ್ತೆ.

ಈ ಲೆಕ್ಕ ಒಂದ್ಸಲ ಪೇಪರ್ ಮೇಲೆ ಬರೆದ್ರೆ ಸಾಕು, ಜೂನ್‌ನಲ್ಲಿ ಶುರು ಮಾಡಿದ್ರೆ ಆಗಲ್ಲ ಅಂತ ಮಗುವಿಗೂ ಗೊತ್ತಾಗುತ್ತೆ. ಮೇ ತಿಂಗಳ ಮಧ್ಯದಲ್ಲೇ ಯಾರಾದ್ರೂ ಮೊದಲು ಹೊಡೆಸ್ಬೇಕು. ಆದ್ರೆ ಆ ಮೊದಲಿಗರು ಯಾರು? ಎಲ್ಲರಿಗೂ ಹೆದರಿಕೆ, ಬೇಗ ಹೊಡೆಸಿದ್ರೆ ಮಳೆ ತಡ ಆಗಿ ಔಷಧಿ ದಂಡ ಆದ್ರೆ ಅಂತ. ಇದನ್ನ ಒಬ್ಬೊಬ್ಬರೇ ಕೂತು ತೀರ್ಮಾನ ಮಾಡೋಕೆ ಹೋದ್ರೆ ಎಲ್ಲರೂ ತಡವಾಗಿ ಹೊಡೆಸೋದನ್ನೇ ಆರಿಸ್ಕೊಳ್ತಾರೆ. ಊರು ಕೂತ್ರೆ ಮಾತ್ರ ಬೇರೆ ದಾರಿ ಕಾಣುತ್ತೆ. ತಗ್ಗಿನ ತೋಟ, ಬಿಸಿಲು ಬೀಳದ ತೋಟ, ಹೋದ ವರ್ಷ ಕೊಳೆ ಬಂದ ತೋಟ ಮೊದಲು, ಗಾಳಿ ಬಿಸಿಲು ಆಡೋ ಮೇಲಿನ ತೋಟ ಆಮೇಲೆ. ಮುಂದಿನ ವರ್ಷಕ್ಕೂ ಇದೇ ಸಾಲು, ಏನಾದ್ರೂ ಬದಲಾವಣೆ ಬೇಕಿದ್ರೆ ಮೇಗೆ ಮುಂಚೆ ಹೇಳ್ಬೇಕು. ತೀರಾ ತಗ್ಗಿನ ತೋಟದವರು ಕೊಟ್ಟೆ (ಮಳೆ ತಾಗದ ಹಾಗೆ ಕೊನೆಗೆ ಹಾಕೋ ಹೊದಿಕೆ) ಕಟ್ಟಿಸೋದನ್ನ ಮತ್ತೆ ಯೋಚಿಸ್ಲಿ, ಮೊದಲೆಲ್ಲ ಹುಲ್ಲಿಂದ ಕಟ್ತಿದ್ರು, ಈಗ ಪ್ಲಾಸ್ಟಿಕ್ ಕೊಟ್ಟೆ ಇದೆ, ಮಳೆಗೆ ಮುಂಚೆ ಕಟ್ಟಿ ಮುಗಿಸಿದ್ರೆ ಜುಲೈ ಆಗಸ್ಟ್‌ನಲ್ಲಿ ಕೊನೆಗಾರನಿಗೆ ಅಷ್ಟು ಮರದ ಕೆಲಸ ಕಮ್ಮಿ ಆಗುತ್ತೆ, ಅದು ಪಕ್ಕದ ತೋಟದವನಿಗೂ ಉಪಕಾರವೇ.

ಇನ್ನೊಂದು ವಿಷ್ಯ ಪೇಟೆಯವರಿಗೆ ಗೊತ್ತಿರಲ್ಲ. ಬೋರ್ಡೋ ದ್ರಾವಣ ಅಂಗಡೀಲಿ ಬಾಟ್ಲಿಯಲ್ಲಿ ಸಿಗೋ ಔಷಧಿ ಅಲ್ಲ, 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು ಒಂದು ಕೆಜಿ ಸುಣ್ಣ ಬೇರೆಬೇರೆಯಾಗಿ ಕರಗಿಸಿ ಸೇರ್ಸಿ ಅವತ್ತೇ ಕಲಸಿ ಅವತ್ತೇ ಹೊಡೀಬೇಕು, ಮಾರನೇ ದಿನಕ್ಕೆ ಅದು ಕೆಲಸಕ್ಕೆ ಬರಲ್ಲ. ಬೆಳಿಗ್ಗೆ ಡ್ರಮ್‌ನಲ್ಲಿ ಕಲಸಿಟ್ಟು ಕಾಯ್ತಾ ಕೂತು ಹತ್ತು ಗಂಟೆಗೆ ಆಳು ಬರಲ್ಲ ಅಂತ ಗೊತ್ತಾದ್ರೆ ಅಷ್ಟೂ ಚೆಲ್ಲೋದೇ. ಲೆಸ್ಲಿ ಕೋಲ್ಮನ್ ಅನ್ನೋ ಕೆನಡಾದ ವಿಜ್ಞಾನಿ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದು ನಮ್ಮ ಮಲೆನಾಡಿನ ತೋಟಗಳಲ್ಲಿ ಓಡಾಡಿ ಕೊಳೆರೋಗಕ್ಕೆ ಈ ದ್ರಾವಣ ಹಿಡಿಯುತ್ತೆ ಅಂತ ತೋರಿಸ್ಕೊಟ್ಟು ನೂರು ವರ್ಷದ ಮೇಲಾಯ್ತು. ಔಷಧಿ ಅದೇ ಇದೆ, ಮರದ ತುದಿಗೆ ಅದನ್ನ ಮುಟ್ಟಿಸೋ ಮನುಷ್ಯನ ಬಗ್ಗೆ ಮಾತ್ರ ಇಷ್ಟು ವರ್ಷದಲ್ಲಿ ನಾವು ಒಂದು ವ್ಯವಸ್ಥೆ ಮಾಡ್ಕೊಂಡಿಲ್ಲ ಅನ್ನೋದು ನನಗೆ ನಿಜಕ್ಕೂ ಬೇಜಾರಿನ ವಿಷ್ಯ. ಈಗ ಎಲೆಚುಕ್ಕೆ ರೋಗ ಬೇರೆ ಬಂದಿದೆ, ಅಡಿಕೆ ಕೊನೆಗೆ ಮಾತ್ರ ಹೊಡೆದ್ರೆ ಸಾಲ್ದು ಹೆಡಲಿಗೂ (ಮರದ ಎಲೆಗೂ) ಹೊಡೀಬೇಕು, ಅಂದ್ರೆ ಅದೇ ನಾಲ್ಕು ಜನ ಕೊನೆಗಾರರ ಮೇಲೆ ಇನ್ನೊಂದು ಹೊರೆ.

ಕೊಯ್ಲಿನ ಲೆಕ್ಕ ಇದಕ್ಕಿಂತ ಕಷ್ಟ, ಯಾಕಂದ್ರೆ ಅಲ್ಲಿ ಒಂದೇ ಥರದ ಆಳಲ್ಲ. ಕೊನೆ ಕೊಯ್ದು ಕೆಳಗೆ ಬಂದ ಮೇಲೆ ಹಸಿ ಅಡಿಕೆ ಕಾಯಲ್ಲ, ಬೇಗ ಸುಲೀಬೇಕು, ಸುಲಿದಿದ್ದನ್ನ ಚೊಗರು (ಅಡಿಕೆ ಬೇಯಿಸಿ ಉಳಿದ ಕೆಂಪು ನೀರು) ಹಾಕಿ ಬೇಯಿಸ್ಬೇಕು, ಬೇಯಿಸಿದ್ದನ್ನ ಬಿಸಿಲಿಗೆ ಹಾಕ್ಬೇಕು, ಮೋಡ ಬಂದ್ರೆ ಎಳೀಬೇಕು. ಎಷ್ಟೋ ಜನ ಕೊನೆಗಾರ ಸಿಕ್ಕ ಅಂತ ಖುಷೀಲಿ ಒಂದೇ ದಿನ ಜಾಸ್ತಿ ಕೊಯ್ಸಿಬಿಡ್ತಾರೆ, ಸುಲಿಯೋ ಹೆಂಗಸರು ಅಷ್ಟು ಜನ ಇಲ್ಲ, ಗೊನೆ ರಾಶಿ ಬಿದ್ದು ಬಿಸಿಯಾಗಿ ಬಣ್ಣ ಹಾಳಾಗುತ್ತೆ, ಆಮೇಲೆ ಮಂಡೀಲಿ ದಲ್ಲಾಳಿ ಕೈಲಿ ಹಿಡಿದು ಮೂಗು ಮುರಿದ್ರೆ ಯಾರನ್ನ ಬೈಯೋದು. ಲೆಕ್ಕ ಹಿಂದಿನಿಂದ ಹಾಕ್ಬೇಕು ಸ್ವಾಮಿ. ನಮ್ಮ ಅಂಗಳದಲ್ಲಿ, ಅಟ್ಟದಲ್ಲಿ ಒಂದ್ಸಲಕ್ಕೆ ಎಷ್ಟು ಒಣಗುತ್ತೆ, ಅಷ್ಟಕ್ಕೆ ಎಷ್ಟು ಹಂಡೆ ಬೇಯಿಸ್ಬೇಕು, ಅಷ್ಟು ಸುಲಿಯೋಕೆ ಎಷ್ಟು ಜನ ಅಥವಾ ಮಷಿನ್‌ಗೆ ಎಷ್ಟು ಗಂಟೆ, ಕೊನೆಗೆ ಅಷ್ಟಕ್ಕೆ ಎಷ್ಟು ಮರ ಕೊಯ್ಸಬೇಕು. ಈ ಕಡೆಯಿಂದ ಲೆಕ್ಕ ಹಾಕ್ಕೊಂಡು ಬಂದ್ರೆ ಒಬ್ಬ ಕೊನೆಗಾರ ವಾರದಲ್ಲಿ ಎರಡು ದಿನ ಬಂದ್ರೆ ಸಾಕು ಅಂತ ಎಷ್ಟೋ ಮನೆಗಳಿಗೆ ಗೊತ್ತಾಗುತ್ತೆ, ಉಳಿದ ದಿನ ಅವನು ಪಕ್ಕದ ಮನೆಗೆ ಹೋಗ್ಬಹುದು. ಒಂದೇ ಮರದಲ್ಲಿ ಮೂರು ನಾಲ್ಕು ಕೊನೆ ಬೇರೆಬೇರೆ ಸಮಯಕ್ಕೆ ಬಲಿಯುತ್ತೆ, ಹಾಗಾಗಿ ಅವನು ಹೇಗಿದ್ರೂ ಮತ್ತೆ ಮತ್ತೆ ಬರ್ಲೇಬೇಕು. ತಡ ಆದ್ರೆ ರಾಶಿ ಆಗ್ಬೇಕಾಗಿದ್ದು ಹಣ್ಣಾಗಿ ಸಿಪ್ಪೆಗೋಟು ಆಗುತ್ತೆ, ಆ ರೇಟಿನ ವ್ಯತ್ಯಾಸ ನಿಮ್ಮ ಪತ್ರಿಕೆಯ ಧಾರಣೆ ಕಾಲಮ್‌ನಲ್ಲೇ ಇದೆ, ನಾನು ಹೇಳೋದು ಬೇಡ.

ಹೊರಗಿಂದ ಬರೋ ಆಳಿನ ವಿಷ್ಯದಲ್ಲಿ ನಾವು ಮಾಡೋದು ಇನ್ನೂ ದೊಡ್ಡ ತಪ್ಪು ಲೆಕ್ಕ. ಹಾವೇರಿ ಕಡೆಯಿಂದ, ಕೊಪ್ಪಳ ರಾಯಚೂರು ಕಡೆಯಿಂದ ತಂಡ ಬರ್ತವೆ, ಈಗ ಅಸ್ಸಾಂ ಜಾರ್ಖಂಡ್‌ನಿಂದಲೂ ಬರ್ತಿದ್ದಾರೆ. ನಾವು ಅವ್ರನ್ನ ನಮ್ಮ ಕ್ಯಾಲೆಂಡರ್‌ಗೆ ಕರೀತೀವಿ, ಅವರದ್ದೂ ಒಂದು ಕ್ಯಾಲೆಂಡರ್ ಇದೆ ಅನ್ನೋದು ತಲೆಗೇ ಬರಲ್ಲ. ಅಕ್ಟೋಬರ್ ನವೆಂಬರ್‌ನಲ್ಲಿ ಹಾವೇರಿ ದಾವಣಗೆರೆಯಲ್ಲಿ ಮೆಕ್ಕೆಜೋಳ ಮುರಿಯೋ ಹೊತ್ತು, ರಾಯಚೂರು ಯಾದಗಿರಿಯಲ್ಲಿ ಹತ್ತಿ ಬಿಡಿಸೋ ಕೆಲಸ, ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಭತ್ತ ಕೊಯ್ಲು, ಇಲ್ಲೇ ನಮ್ಮ ಮಗ್ಗುಲಲ್ಲೇ ಭತ್ತ ಕೊಯ್ಲು. ನವೆಂಬರ್ ದಾಟ್ತಿದ್ದಂಗೆ ಚಿಕ್ಕಮಗಳೂರು ಸಕಲೇಶಪುರ ಕೊಡಗಲ್ಲಿ ಅರೇಬಿಕಾ ಹಣ್ಣು ಶುರು, ಅದು ಮುಗೀತಿದ್ದಂಗೆ ರೋಬಸ್ಟಾ, ಅದರ ಜೊತೆಗೇ ಕಾಳುಮೆಣಸು. ಎಳ್ಳಮಾಸ್ಯೆಗೆ ಬಯಲುಸೀಮೆ ತಂಡ ಊರಿಗೆ ಹೋಗೇ ಹೋಗುತ್ತೆ, ತಡೆಯೋಕೆ ಹೋಗಬಾರ್ದು ಕೂಡ, ಅವರ ಹೊಲದ ಹಬ್ಬ ಅದು. ಶಿರಸಿ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ ಜಾತ್ರೆ ಮೂರು ವರ್ಷಕ್ಕೊಮ್ಮೆ, ಆ ದಿನಗಳಲ್ಲಿ ಊರಿನ ಆಳೂ ಇಲ್ಲ. ಇದೆಲ್ಲ ಮೊದ್ಲೇ ಗೊತ್ತಿರೋ ತಾರೀಖುಗಳು! ಗೋಡೆ ಮೇಲಿರೋ ಕ್ಯಾಲೆಂಡರ್‌ನಲ್ಲಿ ಗುರುತು ಹಾಕ್ಕೊಂಡ್ರೆ ಅರ್ಧ ಗಂಟೆ ಕೆಲಸ. ಅದನ್ನ ಬಿಟ್ಟು ನವೆಂಬರ್‌ನಲ್ಲಿ ಮೇಸ್ತ್ರಿಗೆ ಫೋನ್ ಮಾಡಿ "ನಾಳೆ ಹತ್ತು ಜನ ಕಳ್ಸು" ಅಂದ್ರೆ ಅವನಾದ್ರೂ ಎಲ್ಲಿಂದ ತರ್ತಾನೆ.

ಅದಕ್ಕೇ ನಾನು ನಮ್ಮ ಕಡೆಯವರಿಗೆ ಹೇಳ್ತಾ ಇರೋದು, ಮನೇಲಿ ಒಂದು ನೋಟ್‌ಬುಕ್ ಇಡಿ, ವರ್ಷದ ಕೆಲಸ ಎಲ್ಲಾ ಬರೆದು ಎರಡು ಭಾಗ ಮಾಡಿ, ಕಾಯೋ ಕೆಲಸ ಮತ್ತೆ ಕಾಯದ ಕೆಲಸ. ಔಷಧಿ, ಕೊಯ್ಲು, ಸುಲಿಯೋದು ಕಾಯಲ್ಲ. ಸೊಪ್ಪು ಹಾಸೋದು, ದರಗು (ಒಣಗಿದ ಎಲೆ) ಗುಡಿಸೋದು, ಗೊಬ್ಬರ ಹೊರೋದು, ಮಣ್ಣು ಹಾಕೋದು, ಬೇಲಿ, ಕಟ್ಟಿಗೆ ಮಾಡೋದು ಇವೆಲ್ಲ ಒಂದೆರಡು ತಿಂಗಳು ಹಿಂದೆಮುಂದೆ ಆದ್ರೂ ನಡೆಯುತ್ತೆ. ಬಸಿಗಾಲುವೆ ಬಿಡಿಸೋದು ಮಾತ್ರ ನೋಡೋಕೆ ಕಾಯೋ ಕೆಲಸದ ಹಾಗೆ ಕಾಣುತ್ತೆ, ಮಳೆಗಾಲಕ್ಕೆ ಮುಂಚೆ ಆಗದಿದ್ರೆ ನೀರು ನಿಂತು ಬೇರಿಗೇ ಕುತ್ತು. ಈಗ ಆಗ್ತಿರೋದು ಏನಂದ್ರೆ ಅಕ್ಟೋಬರ್‌ನಲ್ಲಿ ಕಷ್ಟಪಟ್ಟು ಸಿಕ್ಕ ಆಳನ್ನ ಒಬ್ಬ ಬೇಲಿ ಕೆಲಸಕ್ಕೆ ಇಟ್ಕೊಂಡಿರ್ತಾನೆ, ಪಕ್ಕದವನ ಅಡಿಕೆ ಹಣ್ಣಾಗ್ತಿರುತ್ತೆ. ಕಾಯೋ ಕೆಲಸ ಎಲ್ಲಾ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ತಳ್ಳಿದ್ರೆ ಊರಿನ ಆಳಿಗೆ ಬೇಸಿಗೇಲೂ ಕೆಲಸ ಸಿಗುತ್ತೆ, ಅವನು ಗಾರೆ ಕೆಲಸ ಹುಡುಕ್ಕೊಂಡು ಪೇಟೆಗೆ ಹೋಗೋದು ತಪ್ಪುತ್ತೆ. ಒಂದ್ಸಲ ಪೇಟೆ ಕೆಲಸಕ್ಕೆ ಹೋದೋನು ಮೃಗಶಿರಕ್ಕೆ ವಾಪಸ್ ಬರಲ್ಲ, ಇದು ನಮ್ಮ ಸುತ್ತಮುತ್ತ ಎಷ್ಟೋ ಮನೇಲಿ ಆಗಿದೆ. ವರ್ಷದಲ್ಲಿ ಎಷ್ಟು ದಿನ ಕೆಲಸ ಕೊಡ್ತೀವಿ ಅಂತ ಮೊದಲೇ ಮಾತಾಡಿ ಹೇಳ್ಬೇಕು, ಹೇಳಿದ ಮೇಲೆ ಮಳೆ ಬಂದು ಕೆಲಸ ನಿಂತ್ರೂ ಅವತ್ತಿಗೆ ಏನಾದ್ರೂ ಕೊಡ್ಬೇಕು. ಅಡಿಕೆ ಕ್ವಿಂಟಾಲಿಗೆ ಎಷ್ಟು ಏರಿದೆ ಅಂತ ನಮಗೆ ಗೊತ್ತು, ಅವರಿಗೂ ಗೊತ್ತು.

ಕೆಲವರು ಮಾಡೋ ಇನ್ನೊಂದು ಕೆಲಸದ ಬಗ್ಗೆ ಸಿಟ್ಟಿಂದಲೇ ಬರೀತೀನಿ. ಪಕ್ಕದ ತೋಟದಲ್ಲಿ ಕೆಲಸ ಮಾಡ್ತಿರೋ ಕೊನೆಗಾರನಿಗೆ ಗುಟ್ಟಲ್ಲಿ ಮುಂಗಡ ಜಾಸ್ತಿ ಕೊಟ್ಟು ಎಳ್ಕೊಂಡು ಹೋಗೋದು. ಕೂಲಿ ಜಾಸ್ತಿ ಆಗ್ಲಿ, ಐವತ್ತು ಅರವತ್ತು ಅಡಿ ಮೇಲೆ ಒಂದು ಮರದಿಂದ ಇನ್ನೊಂದಕ್ಕೆ ತೂಗಾಡ್ತಾ ದಾಟೋನಿಗೆ ಎಷ್ಟು ಕೊಟ್ರೂ ಕಮ್ಮಿಯೇ ಅನ್ನೋದು ನನ್ನ ಅಭಿಪ್ರಾಯ. ಆದ್ರೆ ಅದನ್ನ ಊರಿಗೆ ಊರೇ ಕೂತು ಬಹಿರಂಗವಾಗಿ ಏರಿಸಿ. ಗುಟ್ಟಲ್ಲಿ ಎಳೆದ್ರೆ ಅರ್ಧ ಎಕರೆ ಇರೋನ ತೋಟ ಅರ್ಧಕ್ಕೆ ನಿಲ್ಲುತ್ತೆ, ಹತ್ತು ಎಕರೆ ಇರೋನದ್ದು ಮುಗಿಯುತ್ತೆ. ಕೊಳೆ ಗಾಳಿ ಮಳೇಲಿ ಹರಡೋ ರೋಗ, ಆ ಅರ್ಧ ಎಕರೆಯಿಂದ ಹತ್ತು ಎಕರೆಗೂ ಬರುತ್ತೆ. ಹಿಂದೆ ನಮ್ಮಲ್ಲಿ ಮುಯ್ಯಾಳು ಪದ್ಧತಿ ಇತ್ತು, ನಿಮ್ಮನೆ ಕೆಲಸಕ್ಕೆ ನಾವು ನಮ್ಮನೆ ಕೆಲಸಕ್ಕೆ ನೀವು, ಸುಲಿಯೋದಕ್ಕೆ ಒಣಗಿಸೋದಕ್ಕೆ ಅದನ್ನ ಈಗಲೂ ಮಾಡ್ಬಹುದು, ಸುಲಿಯೋ ಮಷಿನ್ ಒಂದನ್ನ ನಾಲ್ಕು ಮನೆ ಸೇರಿ ತಗೊಂಡ್ರೆ ಅದೂ ಮುಯ್ಯಾಳೇ.

ದೋಟಿ (ಉದ್ದ ಕೋಲು) ಬಂದಿದೆ, ಎಲ್ಲಾ ಸರಿ ಹೋಯ್ತು ಅನ್ನೋರಿದ್ದಾರೆ. ಕಾರ್ಬನ್ ಫೈಬರ್ ದೋಟಿಯಿಂದ ನೆಲದ ಮೇಲೆ ನಿಂತೇ ಕೊಯ್ಬಹುದು, ಔಷಧಿ ಹೊಡೀಬಹುದು, ಹುಡುಗರು ಕಲೀತಿದ್ದಾರೆ, ಬಹಳ ಒಳ್ಳೇದು, ಊರಿಗೆ ನಾಲ್ಕು ಜನ ಕಲಿತ್ರೆ ಮೇಲೆ ಹೇಳಿದ 42 ದಿನದ ಲೆಕ್ಕ ಪೂರಾ ಬದಲಾಗುತ್ತೆ. ಆದ್ರೆ ಅದಕ್ಕೂ ಮೇಲೆ ನೋಡ್ಕೊಂಡು ದಿನವಿಡೀ ಭಾರ ಹಿಡಿಯೋ ಕುತ್ತಿಗೆ ತೋಳು ಬೇಕು, ತೀರಾ ಎತ್ತರದ ಹಳೇ ತೋಟಕ್ಕೆ ಸಾಲಲ್ಲ. ಮತ್ತೆ ಒಂದು ಎಚ್ಚರಿಕೆ, ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತೆ. ಅಲ್ಯೂಮಿನಿಯಂ ಏಣಿ ಕರೆಂಟ್ ಲೈನಿಗೆ ತಾಗಿ ಸತ್ತೋರ ಸುದ್ದಿ ನಿಮ್ಮ ಪತ್ರಿಕೇಲೇ ಓದ್ತಿರ್ತೀವಿ. ಲೈನ್ ಹಾದು ಹೋಗೋ ತೋಟ ಇದ್ರೆ ಯಾವ ದಿನ ಅಲ್ಲಿ ಕೆಲಸ ಅಂತ ಮೊದಲೇ ತೀರ್ಮಾನ ಮಾಡಿ ಲೈನ್‌ಮನ್‌ಗೆ ಹೇಳಿ ಲೈನ್ ಆಫ್ ಮಾಡಿಸ್ಕೊಂಡೇ ಮಾಡ್ಬೇಕು.

ಇನ್ಶೂರೆನ್ಸ್ ಮಾತೂ ಇಲ್ಲೇ ಹೇಳ್ಬಿಡ್ತೀನಿ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ ಬರೀ 20 ರೂಪಾಯಿ, 18ರಿಂದ 70 ವರ್ಷದೊಳಗಿನ ಬ್ಯಾಂಕ್ ಅಕೌಂಟ್ ಇರೋ ಯಾರಾದ್ರೂ ಮಾಡಿಸ್ಬಹುದು, ಅಪಘಾತದಲ್ಲಿ ಜೀವ ಹೋದ್ರೆ ಮನೆಯವರಿಗೆ 2 ಲಕ್ಷ. ಅದರ ವರ್ಷ ಶುರು ಆಗೋದು ಜೂನ್ 1ಕ್ಕೆ, ನಮ್ಮ ಮೊದಲನೇ ಔಷಧಿ ಹೊತ್ತಿಗೇ. ಮೇ ತಿಂಗಳಲ್ಲಿ ನಿಮ್ಮ ತೋಟಕ್ಕೆ ಬರೋ ಪ್ರತಿಯೊಬ್ಬರ ಅಕೌಂಟಲ್ಲೂ ಇದು ಆಗಿದೆಯಾ ಅಂತ ಕೇಳಿ, ಆಗಿಲ್ಲ ಅಂದ್ರೆ ಕರ್ಕೊಂಡು ಹೋಗಿ ಮಾಡಿಸಿ. 2 ಲಕ್ಷ ಏನೂ ದೊಡ್ಡ ದುಡ್ಡಲ್ಲ, ಅದರ ಮೇಲೆ ಬೆಳೆಗಾರರು ಸೇರಿ ಬೇರೆ ಪಾಲಿಸಿ ಮಾಡಿಸಿದ್ರೆ ಇನ್ನೂ ಒಳ್ಳೇದು. ಹಾಗೇ ಹೊರಗಿಂದ ಬರೋ ತಂಡಕ್ಕೆ ಗೊಬ್ಬರದ ಗುಂಡಿ ಪಕ್ಕದ ಶೆಡ್ ಕೊಡೋದನ್ನ ನಿಲ್ಸಿ, ಕರೆಂಟು, ಕಕ್ಕಸು, ಬಾಗಿಲಿಗೆ ಚಿಲಕ ಇರೋ ಜಾಗ ಕೊಡಿ. ಹೆಂಗಸರು ಮಕ್ಕಳು ಬರ್ತಾರೆ. ಒಳ್ಳೇ ಜಾಗ ಕೊಟ್ಟ ಮನೆಗೆ ಅದೇ ತಂಡ ಮರುವರ್ಷ ತಾನಾಗೇ ಬರುತ್ತೆ.

ಈಗ ಸರ್ಕಾರದ ವಿಷ್ಯ. ನರೇಗಾ ಬಂದು ಆಳು ಹಾಳಾದ್ರು ಅಂತ ಬೈಯೋದು ನಮ್ಮ ಕಡೆ ಬೆಳೆಗಾರರಿಗೆ ಅಭ್ಯಾಸ ಆಗಿದೆ, ನಾನು ಅದನ್ನ ಒಪ್ಪಲ್ಲ. 2025ರ ಡಿಸೆಂಬರ್‌ನಲ್ಲಿ ಅದರ ಬದಲಿಗೆ ಕೇಂದ್ರ ಹೊಸ ಕಾಯ್ದೆ ತಂತು, ವಿಬಿ–ಜಿ ರಾಮ್ ಜಿ ಅಂತ, 100 ದಿನದ ಬದ್ಲು 125 ದಿನ ಅಂತಾರೆ, ಜೊತೆಗೆ ಬಿತ್ತನೆ ಕೊಯ್ಲಿನ ಹೊತ್ತಲ್ಲಿ ವರ್ಷಕ್ಕೆ ಒಟ್ಟು 60 ದಿನದವರೆಗೆ ಆ ಕೆಲಸ ನಿಲ್ಲಿಸೋಕೆ ರಾಜ್ಯ ಮೊದಲೇ ದಿನ ಗೊತ್ತು ಮಾಡ್ಬೇಕು ಅಂತ ಇದೆ. ಇದು ಕೇಳಿ ಖುಷಿ ಪಟ್ಟೋರು ತುಂಬಾ ಜನ. ನನಗೆ ಖುಷಿ ಇಲ್ಲ. ಕಾಲುವೆ ತೋಡೋ ಹೆಂಗಸಿನ ಕೆಲಸ ನಿಲ್ಲಿಸಿದ್ರೆ ನಮಗೆ ಕೊನೆಗಾರ ಹುಟ್ಟಲ್ಲ, ಅವಳ ಮನೆ ಒಲೆ ಆರುತ್ತೆ ಅಷ್ಟೇ. ಅದೂ ಯಾವ 60 ದಿನ? ಬಯಲುಸೀಮೆ ಮೆಕ್ಕೆಜೋಳಕ್ಕೆ ಬೇಕಾದ ದಿನ ಬೇರೆ, ಭತ್ತದ ನಟ್ಟಿಗೆ ಬೇರೆ, ಅಡಿಕೆ ಕೊಯ್ಲಿಗೆ ಬೇರೆ, ಕಾಫಿಗೆ ಬೇರೆ. ಬೆಂಗ್ಳೂರಲ್ಲಿ ಕೂತು ಇಡೀ ರಾಜ್ಯಕ್ಕೆ ಒಂದೇ ತಾರೀಖು ಹಾಕಿದ್ರೆ ಎರಡೂ ಕಡೆಯವರಿಗೆ ನಷ್ಟ. ಪಂಚಾಯ್ತಿ ಮಟ್ಟದಲ್ಲಿ ಕೂಲಿಕಾರರನ್ನೂ ಕೂರಿಸ್ಕೊಂಡು, ಯಾವ ವಾರ ತೋಟದಲ್ಲಿ ಎಷ್ಟು ಕೆಲಸ ಇದೆ ಅಂತ ಮೊದಲು ಬರೆದು, ಆಮೇಲೆ ನಿಲ್ಲಿಸೋದೋ ಬೇಡ್ವೋ ನೋಡಿ. ನಿಲ್ಲಿಸಿದ ದಿನಗಳಲ್ಲಿ ತೋಟದಲ್ಲಿ ಕೆಲಸ ಕೊಡೋ ಜವಾಬ್ದಾರಿ ಬೆಳೆಗಾರರು ಹೊತ್ಕೊಳ್ಳದಿದ್ರೆ ಈ ಬೇಡಿಕೆ ಇಡೋ ಹಕ್ಕೂ ನಮಗಿಲ್ಲ.

ನಮ್ಮ ಸಹಕಾರಿ ಸಂಘಗಳಿಗೂ ಒಂದು ಮಾತು. ಶಿರಸಿಯ ಟಿಎಸ್ಎಸ್ 1923ರದ್ದು, ಶಿವಮೊಗ್ಗದ ಮ್ಯಾಮ್ಕೋಸ್ 1939ರದ್ದು, ಮಂಗಳೂರಿನ ಕ್ಯಾಂಪ್ಕೋ 1973ರದ್ದು. ಅಡಿಕೆ ಮಾರೋದಕ್ಕೆ ನಮ್ಮ ಹಿರಿಯರು ಒಟ್ಟಾಗಿ ಇಂಥ ಸಂಸ್ಥೆ ಕಟ್ಟಿದ್ರು, ದಲ್ಲಾಳಿ ಕೈಯಿಂದ ನಮ್ಮನ್ನ ಬಿಡಿಸಿದ್ರು. ಅಡಿಕೆ ಇಳಿಸೋದಕ್ಕೂ ಅಷ್ಟೇ ಒಗ್ಗಟ್ಟು ಬೇಕು. ಹಳ್ಳಿ ಹಳ್ಳಿಯ ಸೊಸೈಟಿಗೆ ಅದರ ಸದಸ್ಯರ ತೋಟ ಎಷ್ಟು ಎಕರೆ ಅಂತ ಗೊತ್ತು, ಯಾರು ಮೈಲುತುತ್ತು ಎಷ್ಟು ತಗೊಂಡ್ರು ಅನ್ನೋದೂ ಅದರ ಬಿಲ್ಲಲ್ಲೇ ಇದೆ, ಕೊನೆಗಾರರ ತಂಡ ಮಾಡಿ ಸರದಿ ಹಾಕೋಕೆ ಬೇಕಾದ ಲೆಕ್ಕ ಅವರ ಕಪಾಟಲ್ಲೇ ಕೂತಿದೆ. ಕೆಲವು ಕಡೆ ಶುರು ಮಾಡಿದ್ದಾರೆ, ಎಲ್ಲಾ ಕಡೆ ಆಗ್ಬೇಕು. ಕೊನೆಗಾರನಿಗೆ ದುಡ್ಡು ಸೊಸೈಟಿಯಿಂದಲೇ ವಾರಕ್ಕೊಮ್ಮೆ ಅಕೌಂಟಿಗೆ ಹೋಗ್ಲಿ, ಹತ್ತು ಮನೆ ಬಾಗಿಲಿಗೆ ಬಾಕಿ ಕೇಳ್ಕೊಂಡು ಅಲೆಯೋದು ಅವನಿಗೆ ತಪ್ಪುತ್ತೆ.

ಸಂಪಾದಕರಲ್ಲಿ ನನ್ನ ವಿನಂತಿ ಇಷ್ಟು. ಕೃಷಿ ಪುಟದಲ್ಲಿ ವಾರಕ್ಕೊಂದು ಸಲ, ಏಪ್ರಿಲ್‌ನಿಂದ ಜನವರಿವರೆಗೆ, ಒಂದು ಸಣ್ಣ ಕಾಲಮ್ ಕೊಡಿ. ಈ ವಾರ ಯಾವ ತಾಲ್ಲೂಕಲ್ಲಿ ಯಾವ ಬೆಳೆ ಕೆಲಸ ಜೋರಾಗಿದೆ, ಮುಂದಿನ ವಾರ ಎಲ್ಲಿ ಶುರು ಆಗುತ್ತೆ, ಕೂಲಿ ಎಷ್ಟು ನಡೀತಿದೆ ಅಂತ. ಹವಾಮಾನ ಇಲಾಖೆಯ ಕೃಷಿ ಸಲಹೆ ಮಂಗಳವಾರ ಶುಕ್ರವಾರ ಬರುತ್ತೆ, ಅದನ್ನೂ ಅದರ ಪಕ್ಕದಲ್ಲೇ ಹಾಕಿ, ಬಿಡುವು ಸಿಗೋ ದಿನ ಯಾವುದು ಅಂತ ಬೆಳೆಗಾರನಿಗೂ ಕೊನೆಗಾರನಿಗೂ ಒಟ್ಟಿಗೆ ಗೊತ್ತಾಗ್ಲಿ. ಹಾವೇರೀಲಿ ಪೇಪರ್ ಓದೋ ಮೇಸ್ತ್ರಿಗೆ ಸಾಗರದಲ್ಲಿ ಯಾವಾಗ ಕೆಲಸ ಇದೆ ಅಂತ ಗೊತ್ತಾದ್ರೆ ಮೆಕ್ಕೆಜೋಳ ಮುಗಿಸಿ ಯಾವ ದಿನ ಬಸ್ ಹತ್ತಬೇಕು ಅಂತ ಅವನೂ ತನ್ನ ತಂಡದ ಲೆಕ್ಕ ಹಾಕ್ತಾನೆ. ಮೊದಲನೇ ಕಾಲಮ್ ರೋಹಿಣಿ ಮಳೆಗೆ ಮುಂಚೆ ಬಂದ್ರೆ ಈ ವರ್ಷದ ಔಷಧಿಗೇ ಉಪಯೋಗಕ್ಕೆ ಬರುತ್ತೆ.

ಇಂತಿ ತಮ್ಮ ಓದುಗ,
ಒಬ್ಬ ಅಡಿಕೆ ಬೆಳೆಗಾರ, ಸಾಗರ ತಾಲ್ಲೂಕು